ಮೂರನೆಯ ಬೇಸಿಗೆ

ಆಷಾಢದಲ್ಲಿ ಗಿಡ ನೆಡಬಾರದೆಂದು ನನಗೆ ಹೇಳಿಕೊಟ್ಟವಳು ನಮ್ಮವ್ವ. ಅದೇನೂ ಶಾಸ್ತ್ರದ ಮಾತಲ್ಲ. ಗುಂಡ್ಲುಪೇಟೆ ಸೀಮೆಯವರಿಗೆ ಆ ತಿಂಗಳ ಗಾಳಿ ಎಂಥದ್ದೆಂದು ಗೊತ್ತು. ವಯನಾಡಿನ ಕಡೆಯಿಂದ ಮೋಡ ದಂಡು ಕಟ್ಟಿಕೊಂಡು ಬರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಮುಚ್ಚಿಹೋಗುತ್ತದೆ. ಬೆಟ್ಟ ಇಳಿದು ಹಂಗಳ, ಗುಂಡ್ಲುಪೇಟೆ, ತೆರಕಣಾಂಬಿ ದಾಟುವಷ್ಟರಲ್ಲಿ ಆ ಮೋಡದಲ್ಲಿ ಒಂದಿಷ್ಟು ಸೋನೆ ಉಳಿದಿದ್ದರೆ ಹೆಚ್ಚು. ಮಳೆಯೆಲ್ಲ ಆಚೆ ಕೇರಳದಲ್ಲೇ ಖರ್ಚಾಗಿರುತ್ತದೆ, ನಮ್ಮ ಪಾಲಿಗೆ ಬರುವುದು ಗಾಳಿ. "ಆಸಾಡ್ದಲ್ಲಿ ಗಿಡ ಮಡಗ್ಬೇಡ ಕನ ಮಗ, ಬೇರು ಕೂರದೇ ಇಲ್ಲ" ಅನ್ನುತ್ತಿದ್ದಳು ಅವ್ವ. ನಮ್ಮ ಮಳೆ ಎರಡು ಕಂತಿನದು. ಭರಣಿ, ಕೃತ್ತಿಕೆಯಲ್ಲಿ ಗುಡುಗು ಸಿಡಿಲಿನೊಂದಿಗೆ ಬರುವುದೊಂದು, ಉತ್ತರೆ, ಹಸ್ತೆ, ಚಿತ್ತೆಯಲ್ಲಿ ಬರುವುದು ಇನ್ನೊಂದು. ನಡುವಿನ ಜೂನ್, ಜುಲೈ ಒಣ ತಿಂಗಳುಗಳು.

ವನಮಹೋತ್ಸವ ಬರುವುದು ಮಾತ್ರ ಜುಲೈ ಮೊದಲ ವಾರದಲ್ಲಿ. 1950ರಲ್ಲಿ ಕೇಂದ್ರದ ಕೃಷಿ ಮತ್ತು ಆಹಾರ ಸಚಿವರಾಗಿದ್ದ ಕೆ.ಎಂ. ಮುನ್ಷಿಯವರು ಈ ಹಬ್ಬಕ್ಕೆ ಚಾಲನೆ ಕೊಟ್ಟರು. ಉತ್ತರ ಹಿಂದೂಸ್ಥಾನಕ್ಕೆ ಮುಂಗಾರು ಮುಟ್ಟುವ ಹೊತ್ತು ಅದು. ನಮ್ಮ ಮಲೆನಾಡಿಗೂ ಕರಾವಳಿಗೂ ಒಪ್ಪುವ ಕಾಲವೇ. ಚಾಮರಾಜನಗರದ ಬಯಲಿನಲ್ಲಿ ಆ ವಾರ ಗುಂಡಿ ತೋಡಿದರೆ ಗುದ್ದಲಿಯಿಂದ ಏಳುವುದು ಧೂಳು. ಆದರೂ ಸುತ್ತೋಲೆ ಬರುತ್ತಿತ್ತು, ನಾವು ನೆಡುತ್ತಿದ್ದೆವು. ಹೈಸ್ಕೂಲು ಮೇಷ್ಟ್ರಾಗಿದ್ದಷ್ಟು ಕಾಲವೂ ಈ ಕೆಲಸ ನನ್ನ ಹೆಗಲಿಗೇ ಬೀಳುತ್ತಿತ್ತು, ವಿಜ್ಞಾನದ ಮೇಷ್ಟ್ರೆಂಬ ಕಾರಣಕ್ಕೆ. ಶಾಮಿಯಾನ, ಮೈಕು, ಅತಿಥಿಗಳಿಗೆ ಚೆಂಡುಹೂವಿನ ಹಾರ, ಮಕ್ಕಳ ಕೈಯಲ್ಲಿ ಘೋಷಣೆಯ ಫಲಕ. ಅತಿಥಿ ಮಣ್ಣು ಮುಟ್ಟಿದ ಗಿಡಕ್ಕೆ ಒಂದು ಬಿಂದಿಗೆ ನೀರು ಬೀಳುತ್ತಿತ್ತು, ಮಿಕ್ಕವಕ್ಕೆ ಮಾರನೆಯ ದಿನದಿಂದ ಗಾಳಿಯೇ ಗತಿ. ಮುಂದಿನ ಜುಲೈನಲ್ಲಿ ಅದೇ ಗುಂಡಿಗಳನ್ನು ಕೆದಕಿ ಮತ್ತೆ ಹಬ್ಬ ಮಾಡಿದ್ದನ್ನು ಕಂಡವನು ನಾನೊಬ್ಬನೇ ಇರಲಾರೆ. ನಾಡಿನ ಬೇಕಾದಷ್ಟು ಮೇಷ್ಟ್ರುಗಳು ಕಂಡಿರುತ್ತಾರೆ.

ಅವ್ವ ಗಿಡದ ವಿಷಯ ಕಲಿತದ್ದು ನರ್ಸರಿಯ ಕೂಲಿಯಲ್ಲಿ. 1983ರಲ್ಲಿ ವಿಶ್ವಬ್ಯಾಂಕಿನ ಮತ್ತು ಬ್ರಿಟನ್ನಿನ ಹಣದಿಂದ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಶುರುವಾಯಿತು. ಊರೂರಿಗೆ ನರ್ಸರಿ ಬಂತು, ಹೆಂಗಸರಿಗೆ ಕೂಲಿ ಸಿಕ್ಕಿತು. ಕೆಂಪು ಮಣ್ಣು, ಮರಳು, ತಿಪ್ಪೆಗೊಬ್ಬರ ಜರಡಿ ಹಿಡಿದು ಬೆರೆಸಿ ಕರಿಯ ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು ಅವಳ ಕೆಲಸ. ಚೀಲ ಕುಟ್ಟಿ ತುಂಬಬೇಕು, ನಡುವೆ ಪೊಳ್ಳು ಉಳಿಯಬಾರದು. ಸಂಜೆ ಅವಳ ಉಗುರಿನ ಸಂದಿಯಲ್ಲಿ ಮಣ್ಣು ಹೋಗುತ್ತಲೇ ಇರಲಿಲ್ಲ. ಬೇವಿನ ಬೀಜವನ್ನು ಬಿದ್ದ ವಾರ ಹದಿನೈದು ದಿನದಲ್ಲೇ ಊರಬೇಕು, ಕೂಡಿಟ್ಟರೆ ಜೀವ ಹೋಗುತ್ತದೆ. ತೇಗದ ಬೀಜವನ್ನು ನೆನೆಹಾಕಿ, ಬಿಸಿಲಿಗೆ ಒಣಹಾಕಿ, ಮತ್ತೆ ನೆನೆಹಾಕಿ ಸತಾಯಿಸಿದ ಮೇಲೇ ಅದು ಬಾಯಿ ಬಿಡುವುದು. ಹುಣಸೆಗೆ ಒಂದು ರಾತ್ರಿಯ ನೀರು ಸಾಕು. ಹೊಂಗೆಗೆ ಯಾರ ಉಪಚಾರವೂ ಬೇಡ. ಇದೆಲ್ಲ ನಾನು ಮುಂದೆ ಮಕ್ಕಳಿಗೆ ಪಾಠ ಮಾಡಿದ್ದು. ಪುಸ್ತಕದಲ್ಲಿ ಓದಿದ್ದಕ್ಕಿಂತ ಅವ್ವನ ಬಾಯಲ್ಲಿ ಕೇಳಿದ್ದೇ ಹೆಚ್ಚು.

ಆದರೆ ಆ ನರ್ಸರಿಗಳಲ್ಲಿ ಸಾಲು ಸಾಲಾಗಿ ನಿಂತದ್ದು ಬಹುಮಟ್ಟಿಗೆ ನೀಲಗಿರಿ. ಅದರ ಬೀಜ ಧೂಳಿನಷ್ಟು ಸಣ್ಣದು. ಮಡಿಯಲ್ಲಿ ಚೆಲ್ಲಿ, ಮೊಳಕೆ ಬಂದ ಮೇಲೆ ಕಡ್ಡಿಯಿಂದ ಎತ್ತಿ ಚೀಲಕ್ಕೆ ನಾಟಬೇಕು. ಕಣ್ಣು ಚುರುಕಾಗಿದ್ದ ಹೆಂಗಸರಿಗೆ ಆ ಕೆಲಸ. ಅದು ಯಾಕೆ ಅಷ್ಟೊಂದು ಎಂದು ಆಗ ನಮ್ಮಲ್ಲಿ ಯಾರೂ ಕೇಳಲಿಲ್ಲ. ತುಮಕೂರಿನ ಕಡೆ ಕೇಳಿದರು. ಅದೇ 1983ರಲ್ಲಿ ರೈತರು ಸರ್ಕಾರಿ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ ಹುಣಸೆ, ಮಾವಿನ ಬೀಜ ಊರಿದರು. ಶಿರಸಿಯ ಸಾಲ್ಕಣಿಯವರು ಮರ ತಬ್ಬಿ ಅಪ್ಪಿಕೋ ಚಳವಳಿ ಶುರುಮಾಡಿದ್ದೂ ಆ ವರ್ಷದ ಸೆಪ್ಟೆಂಬರಿನಲ್ಲೇ. ಒಂದೇ ವರ್ಷದಲ್ಲಿ ಒಂದು ಕಡೆ ಜನ ಗಿಡ ಕಿತ್ತರು, ಇನ್ನೊಂದು ಕಡೆ ಮರ ತಬ್ಬಿದರು. ಯಾವ ಮರ, ಯಾರಿಗೆ ಎಂಬ ಪ್ರಶ್ನೆ ಎರಡು ಕಡೆಯೂ ಇತ್ತು. ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಅವ್ವ ತೀರಿಹೋಗಿದ್ದಳು. ಇದ್ದಿದ್ದರೆ, ಅವಳು ಎತ್ತಿ ನೆಟ್ಟ ಸಸಿಗಳ ಲೆಕ್ಕ ಹಿಡಿದು ಎರಡು ಮಾತು ಬೈಯುತ್ತಿದ್ದಳೋ ಏನೋ.

ನಮ್ಮೂರ ಗೋಮಾಳಕ್ಕೂ ನೀಲಗಿರಿ ಬಂದಿತ್ತು. ಸುತ್ತ ಅಗಳು ತೋಡಿ ಮಣ್ಣಿನ ಬದು ಹಾಕಿ ಅದರ ಮೇಲೆ ಕತ್ತಾಳೆ ನೆಟ್ಟಿದ್ದರು. ಒಬ್ಬ ವಾಚರ್ ಬೇರೆ ಇದ್ದ. ದನಕುರಿ ಮೇಯಿಸುವವರು ಅವನಿಗೆ ಬೀಡಿ ಕೊಟ್ಟು ಒಳಗೆ ಹೋಗುತ್ತಿದ್ದರು. ಒಂದು ಸಲ ಕಡಿದರು, ಲಾರಿ ಬಂತು, ತುಂಬಿಕೊಂಡು ಹೋಯಿತು. ಊರಿಗೆ ಸೌದೆಯೂ ಸಿಗಲಿಲ್ಲ, ನೆರಳೂ ಉಳಿಯಲಿಲ್ಲ. ಹೀಗಾಗಿ ಸರ್ಕಾರದ 1993ರ ಏಪ್ರಿಲ್ ಆದೇಶದಂತೆ ಗ್ರಾಮ ಅರಣ್ಯ ಸಮಿತಿ ಎಂಬುದು ಕೆಲವು ವರ್ಷ ತಡವಾಗಿ ನಮ್ಮೂರಿಗೂ ಬಂದಾಗ ಯಾರೂ ಹಿಗ್ಗಲಿಲ್ಲ. ಹಾಳಾದ ಕಾಡನ್ನು, ಗೋಮಾಳವನ್ನು ಅರಣ್ಯ ಇಲಾಖೆಯೂ ಊರೂ ಕೂಡಿ ಬೆಳೆಸುವುದು, ಬಂದ ಆದಾಯದಲ್ಲಿ ಊರಿಗೂ ಪಾಲು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಊರಿನವರೊಬ್ಬರು ಅಧ್ಯಕ್ಷರು, ಫಾರೆಸ್ಟರ್ ಕಾರ್ಯದರ್ಶಿ. ಮನೆಗೊಬ್ಬ ಸದಸ್ಯ, ಎರಡು ರೂಪಾಯಿಯೋ ಎಷ್ಟೋ ಸದಸ್ಯತ್ವದ ಹಣ. ಬರೆಯಲು ಬರುತ್ತದೆಂದು ನನ್ನನ್ನು ಪುಸ್ತಕ ಹಿಡಿಯಲು ಕೂರಿಸಿದರು.

ಮೊದಲ ಸಭೆ ಅರಳಿಕಟ್ಟೆಯಲ್ಲಿ. ಹೊಲವಿದ್ದ ಗಂಡಸರೆಲ್ಲ ಕಟ್ಟೆಯ ಮೇಲೆ ಕೂತರು. ಆಡು ಸಾಕುವ ಹೆಂಗಸರು ದೂರದಲ್ಲಿ, ಚಾವಡಿಯ ಗೋಡೆಗೆ ಒರಗಿ ನಿಂತಿದ್ದರು. ಗೋಮಾಳವನ್ನು ಮೂರು ವರ್ಷ ಪೂರ್ತಿ ಮುಚ್ಚಬೇಕು, ಒಂದು ಕಾಲೂ ಒಳಗಿಡಬಾರದು ಎಂದು ಕಟ್ಟೆಯ ಮೇಲಿದ್ದವರು ಬೇಗ ಒಪ್ಪಿದರು. ಅವರಿಗೆ ಅದರಿಂದ ಕಳೆದುಕೊಳ್ಳುವುದು ಏನೂ ಇರಲಿಲ್ಲವಲ್ಲ. ಆಗ ಗೋಡೆಯ ಕಡೆಯಿಂದ ಒಬ್ಬಳು ಹಿರಿಯ ಹೆಂಗಸು ಎತ್ತಿದ ದನಿಯಲ್ಲೇ ಕೇಳಿದಳು: "ಗಿಡಕ್ಕ ಬೇಲಿ ಹಾಕ್ತೀರಿ ಸರಿ ಮೇಷ್ಟ್ರೇ, ನನ್ ಆಡ್ಗಳ್ನ ಎಲ್ಗ ಹೊಡ್ಕೊಂಡೋಗ್ಲಿ? ನಿಮ್ ಇಸ್ಕೂಲ್ಗ ಸೇರುಸ್ಕತೀರಾ?" ಜನ ನಕ್ಕರು. ಫಾರೆಸ್ಟರ್ ನಗಲಿಲ್ಲ. ಅವರು ಬುದ್ಧಿವಂತರು. ಪುಸ್ತಕ ಮುಚ್ಚಿ, "ನೀವೇ ಹೇಳಿ ಅವ್ವ, ಎಂಗೆ ಮಾಡೋಣ?" ಅಂದರು. ಆ ಸಭೆ ಅಲ್ಲಿಗೆ ಮುಗಿಯದೆ ಇನ್ನೂ ಹಲವು ಸಂಜೆ ಎಳೆದಾಡಿತು. ಕೊನೆಗೆ ಆಡಿನವರ ಮಾತೇ ನಿಂತಿತು. ಗೋಮಾಳವನ್ನು ಎರಡು ಪಾಲು ಮಾಡುವುದು, ನೀರುಕಟ್ಟೆಯ ಮೇಲಿನ ಅರ್ಧ ಮೊದಲು ಮುಚ್ಚುವುದು, ಗಿಡ ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಅದನ್ನು ತೆರೆದು ಇನ್ನರ್ಧ ಮುಚ್ಚುವುದು. ಮುಚ್ಚಿದ ಪಾಲಿನಲ್ಲಿ ಹುಲ್ಲು ಕೊಯ್ದು ಹೊರೆ ಕಟ್ಟಿಕೊಂಡು ಹೋಗಬಹುದು, ಮೇಯಿಸುವಂತಿಲ್ಲ. ಕಾವಲಿಗೆ ಹೊರಗಿನವರು ಬೇಡ, ಆಡಿನವರೇ ಸರದಿ ಹಾಕಿಕೊಳ್ಳುವುದು.

ಅಲ್ಲಿ ನಾನು ಕಂಡದ್ದು ಗಿಡ ನೆಡುವವರಿಗೆ ಅಷ್ಟಾಗಿ ಹಿಡಿಸದ ಸತ್ಯ. ನಾವು ನೆಟ್ಟದ್ದಕ್ಕಿಂತ ತಾನಾಗಿ ಬಂದದ್ದೇ ಹೆಚ್ಚು. ಬಾಯಿ ತಪ್ಪಿದ್ದೇ ತಡ, ನೆಲದೊಳಗೆ ಬುಡ ಉಳಿಸಿಕೊಂಡು ಪ್ರತಿವರ್ಷ ಚಿಗುರಿ ಪ್ರತಿವರ್ಷ ಮೇಯಿಸಿಕೊಳ್ಳುತ್ತಿದ್ದ ಗಿಡಗಳೆಲ್ಲ ಎದ್ದವು. ದಿಂಡಿಗ, ಕಗ್ಗಲಿ, ಮುತ್ತುಗ, ಕಕ್ಕೆ, ಅಲ್ಲಲ್ಲಿ ನೆಲ್ಲಿ. ಆ ಬುಡಗಳ ಬೇರು ಆಳದ್ದು, ನರ್ಸರಿಯ ಚೀಲದಲ್ಲಿ ಒಂದು ವರ್ಷ ಬೆಳೆದ ಸಸಿ ಅವಕ್ಕೆ ಸಾಟಿಯಲ್ಲ. ಬೇವನ್ನು ಹಕ್ಕಿಗಳು ತಂದವು. ಹಕ್ಕಿಗೆ ಕೂರಲು ಕೊಂಬೆ ಬೇಕು, ಅದಕ್ಕೆಂದು ನಾವು ಒಣಗಿದ ಜಾಲಿ ಕಂಬ ಅಲ್ಲಲ್ಲಿ ಹೂಳಿದ್ದೆವು. ನೆಟ್ಟದ್ದು ಮುಖ್ಯವಾಗಿ ಹುಣಸೆ, ಹೊಂಗೆ, ನೇರಳೆ, ನೀರುಕಟ್ಟೆಯ ಬದುವಿನಲ್ಲಿ ಅತ್ತಿ. ನೆಟ್ಟದ್ದೂ ಹಸ್ತೆ ಮಳೆಯಲ್ಲಿ. ಜುಲೈನಲ್ಲಿ ಸರಬರಾಜಾದ ಸಸಿಗಳನ್ನು ಕಟ್ಟೆಯ ಪಕ್ಕದ ನೆರಳಿನಲ್ಲಿ ಇಳಿಸಿಕೊಂಡು, ಮಕ್ಕಳ ಕೈಲಿ ನೀರು ಹಾಕಿಸುತ್ತ ಸೆಪ್ಟೆಂಬರ್ ತನಕ ಸಾಕಿದೆವು. ವನಮಹೋತ್ಸವದ ದಿನ ಶಾಲೆಯ ಮುಂದೆ ನಾಲ್ಕು ಗಿಡ ನೆಟ್ಟು ಫೋಟೋ ತೆಗೆಸಿ ಕಳಿಸಿಬಿಡುತ್ತಿದ್ದೆವು, ಮೇಲಿನವರಿಗೂ ಬೇಸರವಾಗಬಾರದಲ್ಲ.

ಹಸ್ತೆಯಲ್ಲಿ ನೆಟ್ಟ ಗಿಡಕ್ಕೆ ಇದಿರಾಗುವುದು ನೇರ ಬೇಸಿಗೆ. ಇದರಲ್ಲೂ ತೊಂದರೆ ಇದೆ, ಮುಚ್ಚಿಡುವುದಿಲ್ಲ. ಜನವರಿಯಿಂದ ಭರಣಿ ಮಳೆಯವರೆಗೆ ಬುಡದಲ್ಲಿ ಒಣಹುಲ್ಲು ಹೊದಿಸಬೇಕು, ವಾರಕ್ಕೊಂದು ಕೊಡವಾದರೂ ನೀರು ಬೇಕು. ಮೊದಲ ಬೇಸಿಗೆ ಎಲ್ಲರಿಗೂ ಹುರುಪು. ಎರಡನೆಯದಕ್ಕೆ ಅರ್ಧ ಜನ. ಮೂರನೆಯ ಬೇಸಿಗೆಗೆ ಯಾರು ಬಿಂದಿಗೆ ಹಿಡಿದು ಬರುತ್ತಾರೋ ಅವರೇ ಆ ಗಿಡ ನೆಟ್ಟವರು. ನನ್ನ ಪುಸ್ತಕದಲ್ಲಿ ಆ ಸಾಲಿಗೆ ಉಳಿದದ್ದು ಬಹುತೇಕ ಹೆಂಗಸರ ಹೆಬ್ಬೆಟ್ಟು.

ಸರ್ಕಾರದ ಯೋಜನೆಗಳಲ್ಲಿ ಈ ಮೂರನೆಯ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದದ್ದು ನನಗೆ ತಿಳಿದಂತೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011-12ರಲ್ಲಿ ಬಂತು. ರೈತ ರಿಯಾಯಿತಿ ದರದಲ್ಲಿ ಸಸಿ ಕೊಂಡು ತನ್ನ ಹೊಲದಲ್ಲಿ ನೆಡುತ್ತಾನೆ. ಬದುಕುಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 10 ರೂಪಾಯಿ, ಎರಡನೆಯ ವರ್ಷ 15, ಮೂರನೆಯ ವರ್ಷ 20. ಮುಂದೆ ಒಟ್ಟು 45 ರೂಪಾಯಿ ಇದ್ದದ್ದನ್ನು 100ಕ್ಕೆ, ಆಮೇಲೆ 125ಕ್ಕೆ ಏರಿಸಿದರು. ಇದರ ಜಾಣತನ ಇರುವುದು ಹಣದಲ್ಲಲ್ಲ, ಎಣಿಸುವ ಬಗೆಯಲ್ಲಿ. ನೆಟ್ಟದ್ದನ್ನು ಎಣಿಸದೆ ನಿಂತದ್ದನ್ನು ಎಣಿಸುತ್ತದೆ, ವರ್ಷ ಹೋದಂತೆ ಬೆಲೆ ಹೆಚ್ಚಿಸುತ್ತದೆ. ನಮ್ಮ ಕಡೆಯ ರೈತರು ಅದರಲ್ಲಿ ತೇಗ, ಹೆಬ್ಬೇವು ನೆಟ್ಟರು, ಧೈರ್ಯವಿದ್ದವರು ಶ್ರೀಗಂಧವನ್ನೂ ನೆಟ್ಟರು.

ಶ್ರೀಗಂಧಕ್ಕೆ ಧೈರ್ಯ ಯಾಕೆ ಬೇಕಿತ್ತೆಂಬುದು ಈಗಿನ ಹುಡುಗರಿಗೆ ತಿಳಿಯದು. ನಾನು ಚಿಕ್ಕವನಿದ್ದಾಗ ನಮ್ಮ ದೊಡ್ಡಪ್ಪ ಬೇಲಿಯ ಸಾಲಿನಲ್ಲಿ ಗಂಧದ ಸಸಿ ಕಂಡರೆ ಯಾರೂ ನೋಡದ ಹೊತ್ತಿನಲ್ಲಿ ಕಿತ್ತು ಒಲೆಗೆ ಹಾಕುತ್ತಿದ್ದರು. ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ, ತಾನಾಗಿ ಹುಟ್ಟಿದ ಗಿಡ. ಗಂಧದ ಗುಡಿ ಎಂದು ನಾಡನ್ನೇ ಹೊಗಳುವವರು ನಾವು. ಆದರೆ ಟಿಪ್ಪುವಿನ ಕಾಲದಿಂದ ಅದು ಅರಸರ ಮರ. ಅರಸರು ಹೋದ ಮೇಲೆ ಸರ್ಕಾರದ್ದು. ಹೊಲ ರೈತನದು, ಅದರೊಳಗಿನ ಗಂಧ ರೈತನದಲ್ಲ. "ಬೆಳುದ್ರ ನಮ್ದಲ್ಲ, ಕಳುವಾದ್ರ ಮಾತ್ರ ನಮ್ದು" ಅನ್ನುತ್ತಿದ್ದರು ದೊಡ್ಡಪ್ಪ. 2001ರಲ್ಲಿ ಕಾಯ್ದೆ ತಿದ್ದಿ, ಜಮೀನಿನವನಿಗೇ ಗಂಧದ ಒಡೆತನ ಕೊಟ್ಟರು. ಆ ಹೊತ್ತಿಗೆ ನಮ್ಮ ಜಿಲ್ಲೆಯ ಕಾಡಿನಲ್ಲಿ ಹೇಳಿಕೊಳ್ಳುವ ಗಂಧ ಉಳಿದಿರಲಿಲ್ಲ. ಕಡಿದವನು ಗೋಪಿನಾಥಂನ ವೀರಪ್ಪನ್. ಅವನ ಕಥೆ ಊರಿಗೆಲ್ಲ ಗೊತ್ತು, ಸಿನಿಮಾಗಳೂ ಬಂದಿವೆ. ನನಗೆ ಹೇಳಬೇಕೆನಿಸುವುದು ಅದೇ ಗೋಪಿನಾಥಂನಲ್ಲಿ ಇನ್ನೊಬ್ಬರು ಮಾಡಿದ ಕೆಲಸ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ರಾಜಮಂಡ್ರಿಯ ಕಡೆಯವರು. ವೀರಪ್ಪನ್‌ನ ಊರಿಗೇ ಹೋಗಿ ಇದ್ದುಕೊಂಡು, ಅಲ್ಲಿನವರಿಗೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಬಂದೂಕಿಲ್ಲದೆ ಊರನ್ನು ಒಲಿಸಿಕೊಳ್ಳಲು ನೋಡಿದರು. 1991ರ ನವೆಂಬರ್ 10ರಂದು ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು ವೀರಪ್ಪನ್ ಅವರನ್ನು ಕೊಂದ. ಅವರಿಗೆ ಕೀರ್ತಿ ಚಕ್ರ ಸಂದಿತು. ಆ ಊರಿನವರು ಅವರ ಪಟಕ್ಕೆ ಇಂದಿಗೂ ಹೂ ಮುಡಿಸುತ್ತಾರೆ. ಕಾಡು ಉಳಿಸಲು ಜನ ಬೇಕೆಂದು 1993ರ ಆದೇಶ ಬರುವುದಕ್ಕೆ ಸುಮಾರು ಒಂದೂವರೆ ವರ್ಷ ಮೊದಲೇ ಅವರು ಅದಕ್ಕಾಗಿ ಪ್ರಾಣ ಕೊಟ್ಟಾಗಿತ್ತು.

ಜಿಲ್ಲೆಯ ನೆಲದಲ್ಲಿ ಸುಮಾರು ಅರ್ಧ ಕಾಡು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಆಚೆ ಕಾವೇರಿ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆಯಾದಾಗ ನಮಗೆ ಆಸ್ತಿಯಾಗಿ ಬಂದದ್ದೇ ಇದು. ಇಂಥ ಜಿಲ್ಲೆಯಲ್ಲಿ ಗಿಡ ನೆಡುವುದಕ್ಕಿಂತ ಇರುವುದನ್ನು ಕಾಯುವುದು ದೊಡ್ಡ ಕೆಲಸ, ಅದರಲ್ಲಿ ಶಾಮಿಯಾನಕ್ಕೆ ಜಾಗವಿಲ್ಲ. ಕಾಯುವುದೆಂದರೆ ಕಾಡಂಚಿನ ಮನೆಯ ಒಲೆಯನ್ನು, ಕೊಟ್ಟಿಗೆಯನ್ನು ನೋಡಬೇಕು. ಬಂಡೀಪುರದ ಅಂಚಿನ ನಮ್ಮ ನಂಟರ ಊರುಗಳಲ್ಲಿ ಒಂದು ಕಾಲಕ್ಕೆ ಮನೆತುಂಬ ಬಡಕಲು ದನ. ಹಾಲಿಲ್ಲ, ಹೂಡಲು ಕಸುವಿಲ್ಲ. ಸಾಕುತ್ತಿದ್ದದ್ದು ಸಗಣಿಗೆ! ಹಗಲೆಲ್ಲ ಕಾಡಿನಲ್ಲಿ ಮೇದು ಬಂದು ರಾತ್ರಿ ಕೊಟ್ಟಿಗೆಯಲ್ಲಿ ಹಾಕಿದ ಗೊಬ್ಬರವನ್ನು ಲಾರಿಗಳು ವಯನಾಡಿನ ಕಾಫಿ ತೋಟಕ್ಕೆ ಒಯ್ಯುತ್ತಿದ್ದವು. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಇದನ್ನೇ ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಹೊರದೇಶದಲ್ಲಿ ಕಾಫಿಯ ಬೆಲೆ ಏರಿದರೆ ಬಂಡೀಪುರದ ಹುಲ್ಲು ಸವೆಯುತ್ತದೆ. ನಮ್ಮ ನಂಟರಿಗೆ ಇದನ್ನು ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಲಾರಿಯವರು ಕೊಡುವ ದರದಲ್ಲೇ ಅವರಿಗೆ ಅದು ಗೊತ್ತಿತ್ತು. ಇಂಥ ಮನೆಯ ಮುಂದೆ ನಿಂತು ಕಾಡು ಉಳಿಸಿ ಎಂದು ಭಾಷಣ ಮಾಡಿದರೆ ಏನಾದೀತು? ಅಡುಗೆ ಗ್ಯಾಸು ಕಾಡಂಚಿಗೆ ಬಂದ ಮೇಲೆ ಸೌದೆ ಹೊರೆ ಕಡಿಮೆಯಾದದ್ದನ್ನು ಮಾತ್ರ ನಾನೇ ಕಂಡಿದ್ದೇನೆ. ಹೆಂಗಸರು ಮೊದಮೊದಲು ಸಿಲಿಂಡರ್ ಕಂಡು ಹೆದರಿದರು, ಮುದ್ದೆಗೆ ಅದು ಆಗದು ಅಂದರು. ಆನೆಯ ಭಯ ಇಲ್ಲದೆ ಬೆಳಗು ಕಳೆಯುವ ರುಚಿ ಹತ್ತಿದ ಮೇಲೆ ಮುದ್ದೆಯೂ ಗ್ಯಾಸಿನ ಮೇಲೆ ಬೆಂದಿತು.

ಬೆಂಕಿಯ ಮಾತು ಹೇಳಬೇಕು. ಈ ಎಲೆ ಉದುರುವ ಕಾಡುಗಳಲ್ಲಿ ಫೆಬ್ರವರಿ, ಮಾರ್ಚಿಗೆ ನೆಲವೆಲ್ಲ ತರಗು. ಮನುಷ್ಯನ ಕೈಯಿಲ್ಲದೆ ಹೊತ್ತುವ ಬೆಂಕಿ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಲೇ ಅರಣ್ಯ ರಕ್ಷಕ ಮುರಿಗೆಪ್ಪ ಎಂಬ ಯುವಕ ಸುಟ್ಟು ಸತ್ತರು. ಎರಡು ವರ್ಷ ಕಳೆದು 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹತ್ತಿದ್ದು ನಾವು ಯಾರೂ ಕಂಡಿರದ ಬೆಂಕಿ. ಸಾವಿರಾರು ಎಕರೆ ಹೋಯಿತು. ರಾತ್ರಿ ಗುಂಡ್ಲುಪೇಟೆಯಿಂದಲೇ ಬೆಟ್ಟದ ಅಂಚು ಕೆಂಪಗೆ ಕಾಣುತ್ತಿತ್ತು. ನಮ್ಮೂರಿನಿಂದ ಟ್ರ್ಯಾಕ್ಟರಿನಲ್ಲಿ ನೀರಿನ ಕ್ಯಾನು, ಚಿತ್ರಾನ್ನ ಕಟ್ಟಿಕೊಂಡು ಹೋದೆವು. ವಯಸ್ಸಾದವರನ್ನು ಕೆಳಗೇ ನಿಲ್ಲಿಸಿದರು. ಹುಡುಗರು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು, ಬಾಯಿಗೆ ಒದ್ದೆ ಟವೆಲು ಸುತ್ತಿಕೊಂಡು ವಾಚರುಗಳ ಹಿಂದೆ ಹತ್ತಿದರು. ಮೈಸೂರು, ಬೆಂಗಳೂರಿನಿಂದ ಬಂದ ಸ್ವಯಂಸೇವಕರೂ ಇದ್ದರು, ಒಳ್ಳೆಯ ಮನಸ್ಸಿನವರು, ಕೆಲವರು ಕಾಲಿಗೆ ಓಡುವ ಬೂಟು ಹಾಕಿಕೊಂಡು ಬಂದಿದ್ದರು, ಅದರ ಅಟ್ಟೆ ಬಿಸಿಗೆ ಕರಗುತ್ತಿತ್ತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಕೆರೆಯಿಂದ ನೀರೆತ್ತಿ ಸುರಿದವು. ಆ ನೋಟವೇ ಟೀವಿಯಲ್ಲಿ ಬಂತು. ಆದರೆ ಬೆಂಕಿಯ ಸಾಲಿಗೆ ಸಾಲು ನಿಂತು ಬಡಿದವರು ವರ್ಷದ ಕೆಲವು ತಿಂಗಳು ಮಾತ್ರ ದಿನಗೂಲಿಗೆ ಇರುವ ಫೈರ್ ವಾಚರುಗಳು, ಬಹುಪಾಲು ಜೇನುಕುರುಬರ, ಸೋಲಿಗರ ಹುಡುಗರು. ಯಾವ ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಎಲ್ಲಿ ಎದುರು ಬೆಂಕಿ ಕೊಡಬೇಕು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಬೆಂಕಿ ಆರಿದ ವಾರವೇ ಊರೂರಿನಿಂದ ಕರೆ ಬರತೊಡಗಿತು. ಸುಟ್ಟ ಕಾಡಿನಲ್ಲಿ ಗಿಡ ನೆಡೋಣ, ಬೀಜದುಂಡೆ ಎಸೆಯೋಣ ಎಂದು. ನನ್ನ ಹಳೆಯ ವಿದ್ಯಾರ್ಥಿಗಳೇ ಫೋನು ಮಾಡಿದರು. ಬೇಡ ಅಂದೆ. ಮೇ ತಿಂಗಳ ಮಳೆಗೆ ಹೋಗಿ ನೋಡಿ ಅಂದೆ. ಅವರು ಹೋಗುವಷ್ಟರಲ್ಲಿ ಹುಲ್ಲು ಮೊಣಕಾಲೆತ್ತರ ಬಂದಿತ್ತು, ದಿಂಡಿಗ, ಮತ್ತಿ, ಹೊನ್ನೆ ಎಲ್ಲ ಬುಡದಿಂದಲೋ ಕೊಂಬೆಯಿಂದಲೋ ಚಿಗುರಿದ್ದವು. ಅದರ ಜೊತೆಗೆ, ಅದಕ್ಕಿಂತ ಜೋರಾಗಿ, ಲಂಟಾನವೂ ಚಿಗುರಿತ್ತು. ಆ ಕಾಡಿಗೆ ಬೇಕಿದ್ದದ್ದು ನೆಡುವ ಕೈಯಲ್ಲ, ಲಂಟಾನ ಬುಡಸಮೇತ ಕೀಳುವ ಕೈ. ಬಂಡೀಪುರದ ಅಂಚಿನಲ್ಲಿ ಜಂಗಲ್‌ಸ್ಕೇಪ್ಸ್ ಎಂಬ ಸಂಸ್ಥೆ ಹಳ್ಳಿಯವರನ್ನೇ ಕೂಲಿಗೆ, ಕೆಲಸದ ತೀರ್ಮಾನಕ್ಕೂ ಕೂರಿಸಿಕೊಂಡು ಹಲವು ವರ್ಷದಿಂದ ಈ ಕೆಲಸ ಮಾಡುತ್ತಿದೆ. ಕಿತ್ತ ಲಂಟಾನದ ಪೊದೆಯನ್ನೇ ಕೊರಕಲಿಗೆ ಅಡ್ಡ ಹಾಕಿ ಮಣ್ಣು ನಿಲ್ಲಿಸುತ್ತಾರೆ. ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದೇ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯುತ್ತಾರೆ. ಕಿತ್ತಷ್ಟೂ ಬೆಳೆಯುವುದರಿಂದ ಕಚ್ಚಾಮಾಲಿಗೆ ಬರವಿಲ್ಲ.

ಬಿಳಿಗಿರಿರಂಗನ ಬೆಟ್ಟದ ಪೋಡೊಂದರಲ್ಲಿ ಸೋಲಿಗರ ಹಿರಿಯರೊಬ್ಬರೊಡನೆ ಕೂತು ಈ ಲಂಟಾನದ ಮಾತು ತೆಗೆದಿದ್ದೆ. ಅವರು ತಮ್ಮ ಕಾಲದ ತರಗು ಬೆಂಕಿಯ ಕಥೆ ಹೇಳಿದರು. ಜನವರಿಯಲ್ಲಿ, ನೆಲದಲ್ಲಿ ಇನ್ನೂ ತೇವ ಇರುವಾಗ, ತರಗೆಲೆ ಮಾತ್ರ ಸುಡುವಷ್ಟು ಸಣ್ಣ ಬೆಂಕಿ ಹಾಕುತ್ತಿದ್ದರಂತೆ. ಹುಲ್ಲು ಚೆನ್ನಾಗಿ ಬರುತ್ತಿತ್ತು, ಲಂಟಾನ ತಲೆಯೆತ್ತುತ್ತಿರಲಿಲ್ಲ, ನೆಲ್ಲಿಮರಕ್ಕೆ ಬದನಿಕೆ ಹತ್ತುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅಭಯಾರಣ್ಯ ಎಂದಾದ ಮೇಲೆ ಅದು ನಿಂತಿತು. ತರಗು ವರ್ಷ ವರ್ಷ ಕೂಡಿಕೊಂಡಿತು. ಈಗ ಹತ್ತಿದರೆ ಮಾರ್ಚಿನ ದೊಡ್ಡ ಬೆಂಕಿಯೇ ಹತ್ತುವುದು. ಇದನ್ನು ಹೇಳುವಾಗ ಅವರಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ತಮಾಷೆಯೇ ಇತ್ತು. ಅವರ ಮೊಮ್ಮಗ ಆಗ ಫೈರ್ ವಾಚರ್ ಆಗಿ ಕೆಲಸಕ್ಕೆ ಸೇರಿದ್ದ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹುಲಿಕಾಡಿನೊಳಗೆ ಇಂಥ ಹಕ್ಕು ಕೊಟ್ಟದ್ದು ದೇಶದಲ್ಲೇ ಮೊದಲು. ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ಬೆಟ್ಟದ ದೊಡ್ಡಸಂಪಿಗೆ ಎಂಬ ಮುದಿ ಮರವನ್ನು ಯಾವ ಬೇಲಿಯೂ ಇಲ್ಲದೆ ಇಷ್ಟು ಕಾಲ ಕಾದವರು ಸೋಲಿಗರೇ. ಆ ಮರಕ್ಕೆ ನಮ್ಮ ಸಮಿತಿಯ ಪುಸ್ತಕ ಬೇಕಾಗಿರಲಿಲ್ಲ.

ಈಚಿನ ವರ್ಷಗಳಲ್ಲಿ ಊರಿನ ಹುಡುಗರು ಇನ್ನೊಂದು ಬಗೆಯಲ್ಲಿ ಕಾಡಿಗೆ ನಿಂತದ್ದನ್ನು ಕಂಡೆ. ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಲ್ಲಿಸುವ ಆದೇಶ 2009ರದು. ಜಿಂಕೆ, ಕಡವೆ, ಆನೆಮರಿ ಲಾರಿಗೆ ಸಿಕ್ಕಿ ಸಾಯುವುದನ್ನು ಕಂಡ ನಮಗೆ ಅದರ ಬೆಲೆ ಗೊತ್ತು. ಅದನ್ನು ತೆಗೆಯಬೇಕೆಂದು ಮೇಲಿಂದ ಮೇಲೆ ಒತ್ತಡ ಬರುತ್ತದೆ, ಬಂದಾಗಲೆಲ್ಲ ಗುಂಡ್ಲುಪೇಟೆಯಲ್ಲಿ ಪ್ರತಿಭಟನೆಯೂ ಆಗುತ್ತದೆ. 2025ರ ಏಪ್ರಿಲ್‌ನಲ್ಲಿ ಬಂಡೀಪುರದ ಕಡೆಗೆ ಮೌನವಾಗಿ ನಡೆದ ಜನರಲ್ಲಿ ನಮ್ಮೂರಿನವರೂ ಇದ್ದರು. ಹೊಲಕ್ಕೆ ಆನೆ ನುಗ್ಗಿ ಅರಿಶಿಣ, ಬಾಳೆ ಕಳೆದುಕೊಂಡ ಮನೆಯವರೂ ಇದ್ದರು. ಆನೆಗೆ ಬೈಯುತ್ತಲೇ ಆನೆಯ ದಾರಿ ಬಿಡಿ ಎಂದು ಕೇಳುವುದು ಪಟ್ಟಣದವರಿಗೆ ವಿಚಿತ್ರವಾಗಿ ಕಾಣಬಹುದು. ಅದೇ ಹೊತ್ತಿಗೆ ನಂಜನಗೂಡಿನಿಂದ ಈಚೆ ರಸ್ತೆ ಅಗಲವಾಗುವಾಗ ಅಜ್ಜಂದಿರ ಕಾಲದ ಹುಣಸೆ, ಆಲ ಉರುಳಿದಾಗ ನಾವು ಯಾರೂ ಗಟ್ಟಿಯಾಗಿ ಬಾಯಿ ಬಿಡಲಿಲ್ಲವೆಂಬುದೂ ನಿಜ. ಬಸ್ಸು ಬೇಗ ಮೈಸೂರು ಮುಟ್ಟಲಿ ಎಂಬ ಆಸೆ ನಮಗೂ ಇತ್ತು.

ನಮ್ಮ ಗೋಮಾಳದ ಹುಣಸೆಗಳು ಈಗ ಫಲಕ್ಕೆ ಬಂದು ವರ್ಷಗಳಾದವು. ಸಮಿತಿ ಹೆಸರಿಗೆ ಮಾತ್ರ ಉಳಿದಿದೆ, ಪುಸ್ತಕ ನನ್ನ ಮನೆಯ ಅಟ್ಟದ ಮೇಲಿದೆ. ಜನವರಿ, ಫೆಬ್ರವರಿಗೆ ಹಣ್ಣಿನ ಹರಾಜು ಬಂದಾಗ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ಗೋಮಾಳ ಸರ್ಕಾರದ್ದು, ಹಣ ಪಂಚಾಯಿತಿಗೆ ಬರಬೇಕು ಎಂದು ಒಂದು ಗುಂಪು. ನೆಟ್ಟದ್ದು ಸಮಿತಿ, ಹಣ ಸಮಿತಿಯ ಖಾತೆಗೆ ಎಂದು ಇನ್ನೊಂದು. ಅರ್ಧ ಗಿಡ ಶಾಲೆಯ ಮಕ್ಕಳು ಸಾಕಿದ್ದು, ಶಾಲೆಗೂ ಪಾಲು ಬೇಕೆಂದು ಈಗಿನ ಹೆಡ್‌ಮೇಷ್ಟ್ರು. ಹೋದ ವರ್ಷ, ಮೊದಲ ಸಭೆಯಲ್ಲಿ ದನಿಯೆತ್ತಿದ ಆಡಿನವಳ ಸೊಸೆ, ಅತ್ತೆ ತೀರಿಹೋಗಿ ಬಹಳ ದಿನವಾಯಿತು, ಸೀದಾ ನಮ್ಮ ಮನೆಗೆ ಬಂದು ಅಟ್ಟದ ಪುಸ್ತಕ ಇಳಿಸಿ ಅಂದಳು. ಅತ್ತೆಯ ಹೆಬ್ಬೆಟ್ಟು ಎಷ್ಟು ಕಡೆ ಇದೆಯೋ ಎಣಿಸಿ, ಅಷ್ಟು ಮರದ ಹಣ್ಣು ತಮಗೆ ಬಿಡಬೇಕೆಂದು ಸಭೆಯಲ್ಲಿ ಹೇಳಿಯೇ ಬಿಟ್ಟಳು. ಜಗಳ ಹತ್ತಿಕೊಂಡಿತು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. ಈ ಬಾರಿ ಹೆಂಗಸರು ಗೋಡೆಯ ಕಡೆ ಇರಲಿಲ್ಲ, ಅವರೂ ಕಟ್ಟೆಯ ಮೇಲೇ ಇದ್ದರು. ಪಂಚಾಯಿತಿಯ ಪಿಡಿಒ ಸಾಹೇಬರು ಇನ್ನೊಂದು ಸಭೆ ಕರೆಯುತ್ತೇನೆಂದು ಹೇಳಿ ಹೋದರು. ಪುಸ್ತಕವನ್ನು ನಾನು ತರಬೇಕಂತೆ, ಮೂರನೆಯ ಬೇಸಿಗೆಯ ಹಾಳೆಗಳಿಗೆ ಗುರುತು ಹಾಕಿ ಇಟ್ಟಿದ್ದೇನೆ.